ಗುಡ್ಡ ಜರಿದ ಮೇಲೆ ಬರುವ ಹಣ, ಜರಿಯುವ ಮೊದಲು ಕೇಳಬೇಕಾದ ಹಣ

ಮಳೆಗಾಲ ಇಳಿಮುಖವಾಗುತ್ತಿದ್ದಂತೆ ಸಹಕಾರ ಸಂಘದ ಕಚೇರಿಗೆ ಬರುವ ಸದಸ್ಯರ ಬಾಯಲ್ಲಿ ಒಂದೇ ಪ್ರಶ್ನೆ: "ಸರಕಾರದ ಪರಿಹಾರ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಇದರ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಅದನ್ನು ಕೇಳಿದವರನ್ನು ನಾವು ಕಂಡದ್ದು ಬಹಳ ಕಡಿಮೆ. "ಈ ಸಲ ಜರಿದ ಜಾಗ ಮುಂದಿನ ಸಲ ಇನ್ನಷ್ಟು ಜರಿಯದಂತೆ ಮಾಡಲು ಸರಕಾರದಲ್ಲಿ ದುಡ್ಡಿದೆಯೇ?" ಎಂಬುದೇ ಆ ಪ್ರಶ್ನೆ.

ಇದೆ. ಕಾಯಿದೆ ಪ್ರಕಾರವೇ ಇದೆ. ಅದನ್ನು ಪರಿಹಾರದ ಹಣದೊಂದಿಗೆ ಬೆರೆಸದೆ ಬೇರೆಯಾಗಿಯೇ ಇಡಲಾಗಿದೆ. ಆದರೆ ಅದು ಅರ್ಜಿ ಹಿಡಿದು ತಾಲ್ಲೂಕು ಕಚೇರಿಯ ಮುಂದೆ ನಿಂತವರಿಗೆ ದೊರೆಯುವ ಹಣವಲ್ಲ. ಮೊದಲೇ ಕೂತು ಯೋಜನೆ ಬರೆದ ಊರಿಗೆ ದೊರೆಯುವ ಹಣ. ಐದೆಕರೆ, ಮೂರೆಕರೆ ತೋಟ ಇಟ್ಟುಕೊಂಡ ನಮ್ಮಂಥವರಿಗೆ ಈ ಎರಡು ಹಣಗಳ ವ್ಯತ್ಯಾಸ ತಿಳಿದಿರುವುದು ಅಗತ್ಯವೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಹಣದ ಮೂಲ ಯಾವುದು?

ಪ್ರಕೃತಿ ವಿಕೋಪಕ್ಕೆಂದು ರಾಜ್ಯಗಳಲ್ಲಿ ಕಾಯಂ ನಿಧಿ ಇಡುವ ಪದ್ಧತಿ 1990ರಲ್ಲಿ ಒಂಬತ್ತನೆಯ ಹಣಕಾಸು ಆಯೋಗದ ಶಿಫಾರಸಿನಿಂದ ಬಂದಿತು. ಆಗ ಅದಕ್ಕೆ ವಿಕೋಪ ಪರಿಹಾರ ನಿಧಿ ಎಂದು ಹೆಸರು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಆಯಿತು. ಹದಿಮೂರನೆಯ ಹಣಕಾಸು ಆಯೋಗದ ಸಲಹೆಯಂತೆ 2010ರಿಂದ ಹಳೆಯ ನಿಧಿ ರಾಜ್ಯ ವಿಪತ್ತು ಪ್ರತಿಕ್ರಿಯೆ ನಿಧಿಯಾಯಿತು. ಪತ್ರಿಕೆಗಳಲ್ಲಿ ಎಸ್‌ಡಿಆರ್‌ಎಫ್ ಎಂದು ನಾವು ಓದುವುದು ಇದನ್ನೇ. ಕರ್ನಾಟಕದಂಥ ರಾಜ್ಯಗಳಲ್ಲಿ ಇದಕ್ಕೆ ಕೇಂದ್ರದ ಪಾಲು ನೂರಕ್ಕೆ 75, ರಾಜ್ಯದ ಪಾಲು 25. ಹಿಮಾಲಯದ ಮತ್ತು ಈಶಾನ್ಯದ ಗುಡ್ಡಗಾಡು ರಾಜ್ಯಗಳಿಗೆ ಕೇಂದ್ರದ್ದೇ 90. ನಮ್ಮದೂ ಗುಡ್ಡವೇ, ಆದರೆ ನಮ್ಮ ರಾಜ್ಯ ಆ ಪಟ್ಟಿಯಲ್ಲಿಲ್ಲ.

ರಾಜ್ಯದ ನಿಧಿ ಸಾಲದಷ್ಟು ದೊಡ್ಡ ವಿಪತ್ತಾದರೆ ರಾಷ್ಟ್ರೀಯ ವಿಪತ್ತು ಪ್ರತಿಕ್ರಿಯೆ ನಿಧಿ ಇದೆ. ಇದಕ್ಕೆ ಹಣ ಹೊಂದಿಸಲು ಒಂದು ವಿಶೇಷ ಸುಂಕವಿದೆ. 2001ರ ಹಣಕಾಸು ಕಾಯಿದೆಯಲ್ಲಿ ಆ ಸುಂಕವನ್ನು ತಂದಾಗ ಅದನ್ನು ವಿಧಿಸಿದ ಸರಕುಗಳಲ್ಲಿ ಸಿಗರೇಟು, ತಂಬಾಕಿನ ಜೊತೆಗೆ ಪಾನ್ ಮಸಾಲವೂ ಇತ್ತು. ಅಂದರೆ ವಿಪತ್ತಿನ ನಿಧಿಗೆ ನಮ್ಮ ಅಡಿಕೆಯ ಕಡೆಯಿಂದಲೂ ಕಾಣಿಕೆ ಸಂದಿದೆ. ಪರಿಹಾರ ಕೇಳಲು ಸಂಕೋಚಪಡುವ ಸದಸ್ಯರು ಇದನ್ನು ನೆನಪಿನಲ್ಲಿಡಬೇಕು. ಇದು ದಾನವಲ್ಲ, ಸಾರ್ವಜನಿಕರ ದುಡ್ಡು.

ಈ ನಿಧಿಗಳಿಂದ ಖರ್ಚು ಮಾಡಲು ಕೇಂದ್ರ ಸರಕಾರ ಹನ್ನೆರಡು ವಿಪತ್ತುಗಳನ್ನು ಗೊತ್ತುಪಡಿಸಿದೆ. ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಪಾತ, ಮೇಘಸ್ಫೋಟ, ಕೀಟಗಳ ಹಾವಳಿ, ಶೀತಗಾಳಿ. ಅಡಿಕೆಯ ಕೊಳೆರೋಗದ ಹೆಸರು ಈ ಪಟ್ಟಿಯಲ್ಲಿಲ್ಲ. ಅತಿವೃಷ್ಟಿಯ ವರ್ಷ ಕೊಳೆ ಬಂದು ಕಾಯಿ ಉದುರಿದರೂ ಅರ್ಜಿಯಲ್ಲಿ ರೋಗವನ್ನಷ್ಟೇ ಬರೆದರೆ ಅದು ಹಿಂದಕ್ಕೆ ಬರುವುದಕ್ಕೆ ಕಾರಣ ಇದೇ.

ಪರಿಹಾರದ ಲೆಕ್ಕ

2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಗೃಹ ಸಚಿವಾಲಯ ಗೊತ್ತುಮಾಡಿದ ದರಗಳು ಹೀಗಿದ್ದವು.

ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ಕಾಫಿ ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500 ರೂ. ನಷ್ಟ ಶೇಕಡಾ 33 ಅಥವಾ ಹೆಚ್ಚಿರಬೇಕು. (2015ರ ಮೊದಲು ಇದು ಶೇಕಡಾ 50 ಇತ್ತು.) ಒಬ್ಬ ಬೆಳೆಗಾರನಿಗೆ ಎರಡು ಹೆಕ್ಟೇರಿನವರೆಗೆ ಮಾತ್ರ. ಜಮೀನಿನ ಮೇಲೆ ಮೂರು ಅಂಗುಲಕ್ಕಿಂತ ಹೆಚ್ಚು ಹೂಳು, ಮರಳು ಬಿದ್ದು ಅದನ್ನು ತೆಗೆಯಬೇಕಾದರೆ ಹೆಕ್ಟೇರಿಗೆ 18,000 ರೂ. ಭೂಕುಸಿತದಿಂದ ಅಥವಾ ಹೊಳೆ ದಿಕ್ಕು ಬದಲಿಸಿದ್ದರಿಂದ ಜಮೀನೇ ಕೊಚ್ಚಿ ಹೋದರೆ ಹೆಕ್ಟೇರಿಗೆ 47,000 ರೂ.; ಇದು ಸಣ್ಣ ಮತ್ತು ಅತಿ ಸಣ್ಣ ಹಿಡುವಳಿದಾರರಿಗೆ ಮಾತ್ರ.

ಹಣಕಾಸು ಆಯೋಗದ ಅವಧಿ ಬದಲಾದಾಗ ದರಪಟ್ಟಿಯೂ ಬದಲಾಗುವುದು ರೂಢಿ. ಹಿಂದಿನ ಪಟ್ಟಿಯಲ್ಲಿ ಬಹುವಾರ್ಷಿಕ ಬೆಳೆಗೆ ಇದ್ದದ್ದು 18,000 ರೂ. ಆದ್ದರಿಂದ ಅರ್ಜಿ ಹಾಕುವಾಗ ಆ ದಿನ ಜಾರಿಯಲ್ಲಿರುವ ದರವನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಇನ್ನು ಲೆಕ್ಕ ಹಾಕೋಣ. 22,500 ರೂಪಾಯಿಯನ್ನು ಎಕರೆಗೆ ಇಳಿಸಿದರೆ ಸುಮಾರು 9,100 ರೂ. ಐದೆಕರೆಯವನಿಗೆ ಹೆಚ್ಚೆಂದರೆ 45,000 ರೂ. ಇದರಲ್ಲಿ ಎಷ್ಟು ಆಳು ದಿನದ ಕೂಲಿ ಆಗುತ್ತದೆ, ಎಷ್ಟು ಮೂಟೆ ಗೊಬ್ಬರ ಬರುತ್ತದೆ ಎಂಬುದನ್ನು ಓದುಗರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಜಮೀನೇ ಹೋದವನಿಗೆ ಎಕರೆಗೆ ಸುಮಾರು 19,000 ರೂ. ಅಂಥ ಒಂದೆಕರೆ ಭೂಮಿಯನ್ನು ಈ ಹಣಕ್ಕೆ ಯಾರೂ ಕೊಡಲಾರರು. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು.

ಆದರೆ ಸರಕಾರ ಇದನ್ನು ನಷ್ಟಭರ್ತಿ ಎಂದು ಎಲ್ಲಿಯೂ ಕರೆದಿಲ್ಲ ಎಂಬುದನ್ನು ಗಮನಿಸಬೇಕು. ಕಾಗದದಲ್ಲಿ ಇದಕ್ಕೆ ಇರುವ ಹೆಸರು ಹೂಡುವಳಿ ಸಹಾಯಧನ. ಬೆಳೆ ಹೋದವನು ಮುಂದಿನ ಬೆಳೆಗೆ ಬೀಜ ಗೊಬ್ಬರ ಕೊಳ್ಳಲು ಕೊಡುವ ಕೈಸಹಾಯ ಎಂಬುದು ಅದರ ಅರ್ಥ. ಭತ್ತ, ಜೋಳ ಬೆಳೆಯುವವರಿಗೆ ಈ ವಿಚಾರ ಒಂದಿಷ್ಟು ಹೊಂದುತ್ತದೆ; ಬರುವ ವರ್ಷ ಮತ್ತೆ ಬಿತ್ತಬಹುದು. ನಮ್ಮ ಕಥೆ ಬೇರೆ. ಅರೇಬಿಕಾ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ, ರೊಬಸ್ಟಾಕ್ಕೆ ಇನ್ನೂ ಒಂದು ವರ್ಷ, ಅಡಿಕೆಗೆ ಐದಾರು ವರ್ಷ ಬೇಕು. ನೆರಳಿನ ಮರ ಬೆಳೆಯಲು ಒಂದು ತಲೆಮಾರು. ಈ ವರ್ಷದ ಕಾಯಿ ಉದುರಿದ್ದಕ್ಕೂ ಗಿಡವೇ ಬುಡಸಮೇತ ಹೋದದ್ದಕ್ಕೂ ಬಹುವಾರ್ಷಿಕ ಬೆಳೆಯ ಕಲಮಿನಲ್ಲಿ ಇರುವುದು ಒಂದೇ ದರ. ಈ ಅನ್ಯಾಯವನ್ನು ಬೆಳೆಗಾರರ ಸಂಘಟನೆಗಳು ಪ್ರತಿಯೊಂದು ವೇದಿಕೆಯಲ್ಲೂ ಎತ್ತಬೇಕು. ಗಿಡ ಸತ್ತುದಕ್ಕೆ ಬೇರೆ ದರ, ಮರುನಾಟಿಗೆ ಫಸಲು ಬರುವವರೆಗಿನ ನೆರವು, ಇವೆರಡು ನಮ್ಮ ಕಾಯಂ ಬೇಡಿಕೆಗಳಾಗಬೇಕು.

ತಡವಾಗುವುದೇಕೆ?

ದರ ಕಡಿಮೆ ಎಂಬುದು ಒಂದು ದೂರು. ಕೈಗೆ ಬರುವುದು ತಡ ಎಂಬುದು ಎರಡನೆಯದು. ರಾಜ್ಯ ನಿಧಿಯಲ್ಲಿರುವ ಹಣವನ್ನು ರಾಜ್ಯ ಸರಕಾರ ತಾನೇ ಕೊಡಬಹುದು. ಅದು ಸಾಲದೆ ರಾಷ್ಟ್ರೀಯ ನಿಧಿಗೆ ಕೈಚಾಚಿದರೆ ದಾರಿ ಉದ್ದ. ರಾಜ್ಯವು ಮನವಿ ಪತ್ರ ಕಳುಹಿಸಬೇಕು. ಕೇಂದ್ರದ ಹಲವು ಇಲಾಖೆಗಳ ಅಧಿಕಾರಿಗಳ ತಂಡ ಬಂದು ನೋಡಬೇಕು. ಅದರ ವರದಿ ಒಂದು ಉಪಸಮಿತಿಗೆ, ಅಲ್ಲಿಂದ ಗೃಹ ಸಚಿವರ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿಗೆ ಹೋಗಬೇಕು. ಒಪ್ಪಿದ ಮೊತ್ತದಲ್ಲಿ ರಾಜ್ಯ ನಿಧಿಯಲ್ಲಿ ಉಳಿದಿರುವ ಹಣದ ಅರ್ಧವನ್ನು ವಜಾ ಮಾಡಿ ಮಿಕ್ಕದ್ದನ್ನು ಬಿಡುಗಡೆ ಮಾಡುತ್ತಾರೆ.

2023ರ ಬರಗಾಲ ನೆನಪಿರಬಹುದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಳಿದ್ದು 18,171 ಕೋಟಿ ರೂ. ಆ ಅಕ್ಟೋಬರಿನಲ್ಲೇ ಕೇಂದ್ರ ತಂಡ ಬಂದು ಹೋಯಿತು. ಹಣ ಬರಲಿಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲಿನಲ್ಲಿ ಬಿಡುಗಡೆಯಾದದ್ದು 3,454 ಕೋಟಿ ರೂ. ಯಾರ ವಾದ ಸರಿ ಎಂಬ ರಾಜಕೀಯ ಚರ್ಚೆ ನಮಗೆ ಬೇಡ. ಬೆಳೆಗಾರನ ದೃಷ್ಟಿಯಿಂದ ತಿಳಿಯಬೇಕಾದದ್ದು ಇಷ್ಟೆ: ಮುಂಗಾರು ಕೈಕೊಟ್ಟ ಬೆಳೆಗೆ ಈ ಹಣ ಬಂದದ್ದು ಮುಂದಿನ ಮುಂಗಾರಿನ ಹೊಸ್ತಿಲಲ್ಲಿ.

ನೆರೆಯ ವಯನಾಡಿನ ಉದಾಹರಣೆ ಇನ್ನೂ ಕಠೋರ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್ಮಲ ಪ್ರದೇಶದಲ್ಲಿ ಗುಡ್ಡ ಜರಿದು ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಅದು "ರಾಷ್ಟ್ರೀಯ ವಿಪತ್ತು" ಎಂದು ಘೋಷಣೆಯಾಗಬೇಕೆಂದು ಎಲ್ಲೆಡೆ ಕೂಗೆದ್ದಿತು. ನಿಯಮಗಳಲ್ಲಿ ಅಂಥ ಘೋಷಣೆಗೆ ಅವಕಾಶವೇ ಇಲ್ಲ ಎಂಬುದು ಕೇಂದ್ರದ ಉತ್ತರ. "ತೀವ್ರ ಸ್ವರೂಪದ ವಿಪತ್ತು" ಎಂದು ಒಪ್ಪಿಕೊಂಡದ್ದು ಡಿಸೆಂಬರ್ ಕೊನೆಯಲ್ಲಿ. 2025ರ ಫೆಬ್ರವರಿಯಲ್ಲಿ 529.50 ಕೋಟಿ ರೂ. ಮಂಜೂರಾಯಿತು, ಅದು ಸಹಾಯಧನವಲ್ಲ, ಬಡ್ಡಿಯಿಲ್ಲದ ಸಾಲ. ಅದನ್ನೂ ಮಾರ್ಚ್ 31ರೊಳಗೆ ಬಳಸಬೇಕೆಂಬ ಷರತ್ತು ಇತ್ತು. ಪುನರ್ನಿರ್ಮಾಣದ ನೆರವಿಗೆ ಉನ್ನತ ಸಮಿತಿ ಒಪ್ಪಿಗೆ ಕೊಟ್ಟಾಗ ದುರಂತ ನಡೆದು ಒಂದು ವರ್ಷ ದಾಟಿತ್ತು.

ಇದನ್ನೆಲ್ಲ ಹೇಳುವುದು ಯಾರನ್ನೂ ದೂರುವುದಕ್ಕಲ್ಲ. ಬಿದ್ದ ಮೇಲಿನ ಹಣವನ್ನೇ ನಂಬಿ ಕೂತರೆ ಸಣ್ಣ ಬೆಳೆಗಾರ ಉಳಿಯಲಾರ ಎಂಬುದನ್ನು ತೋರಿಸುವುದಕ್ಕೆ.

ತಡೆಯುವುದಕ್ಕೆಂದೇ ಇರುವ ಹಣ

2005ರ ಕಾಯಿದೆಯಲ್ಲಿ ಎರಡು ಬಗೆಯ ನಿಧಿಗಳ ಮಾತಿದೆ. ಒಂದು ಪ್ರತಿಕ್ರಿಯೆಯ ನಿಧಿ, ಇನ್ನೊಂದು ಉಪಶಮನ ನಿಧಿ. ಉಪಶಮನ ಎಂದರೆ ವಿಪತ್ತು ಬಾರದಂತೆ, ಬಂದರೂ ಹಾನಿ ಕಡಿಮೆಯಾಗುವಂತೆ ಮೊದಲೇ ಮಾಡುವ ಕೆಲಸ. ಹದಿನೈದು ವರ್ಷ ಈ ಎರಡನೆಯದು ಬಹುಮಟ್ಟಿಗೆ ಕಾಗದದಲ್ಲೇ ಉಳಿದಿತ್ತು. ಎನ್. ಕೆ. ಸಿಂಗ್ ಅವರ ಅಧ್ಯಕ್ಷತೆಯ ಹದಿನೈದನೆಯ ಹಣಕಾಸು ಆಯೋಗ ಇದಕ್ಕೆ ಜೀವ ಕೊಟ್ಟಿತು. 2021ರಿಂದ 2026ರವರೆಗಿನ ಐದು ವರ್ಷಕ್ಕೆ ಎಲ್ಲ ರಾಜ್ಯಗಳಿಗೆ ಸೇರಿ 1,60,153 ಕೋಟಿ ರೂ. ಎಂದು ನಿಗದಿ ಮಾಡಿ, ಅದರಲ್ಲಿ ನೂರಕ್ಕೆ 80 ಪಾಲು ಪ್ರತಿಕ್ರಿಯೆಗೆ, 20 ಪಾಲು, ಅಂದರೆ ಸುಮಾರು 32,000 ಕೋಟಿ ರೂ., ಉಪಶಮನಕ್ಕೆ ಎಂದು ವಿಂಗಡಿಸಿತು. ಪ್ರತಿಕ್ರಿಯೆಯ 80ರಲ್ಲಿ ಕೂಡ 40 ತುರ್ತು ಪರಿಹಾರಕ್ಕೆ, 30 ಪುನರ್ನಿರ್ಮಾಣಕ್ಕೆ, 10 ಮುನ್ಸಿದ್ಧತೆಗೆ ಎಂದಿತು.

ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಉಪಶಮನ ನಿಧಿಯನ್ನು ಸ್ಥಳೀಯ ಮಟ್ಟದ, ಊರವರೇ ಪಾಲುಗೊಳ್ಳುವ ಕೆಲಸಗಳಿಗೆ ಬಳಸಬೇಕು. ಸಮುದ್ರದ ತಡೆಗೋಡೆ, ಹೊಳೆಯ ದೊಡ್ಡ ದಂಡೆ ಮೊದಲಾದ ಭಾರೀ ಕಾಮಗಾರಿಗಳಿಗೆ ಅಲ್ಲ, ಅವು ಮಾಮೂಲಿ ಯೋಜನೆಗಳಲ್ಲಿ ಆಗಲಿ ಎಂದು ಆಯೋಗವೇ ಹೇಳಿದೆ. ಅಂದರೆ ಇದು ಗ್ರಾಮದ ಅಳತೆಗೆ ಹೊಲಿದ ಅಂಗಿ. ಹೀಗಿದ್ದೂ ನಮ್ಮ ಗ್ರಾಮಸಭೆಗಳಲ್ಲಿ ಇದರ ಹೆಸರು ಕೇಳಿಬರುವುದು ಅಪರೂಪ.

ಭೂಕುಸಿತಕ್ಕೆಂದೇ ಬಂದ ಹಣವೂ ಇದೆ. ಹದಿನೈದನೆಯ ಆಯೋಗ ಮೊದಲು ಭೂಕಂಪ ಮತ್ತು ಭೂಕುಸಿತದ ಅಪಾಯ ತಗ್ಗಿಸಲು ಬೇರೆಯಾಗಿ ಹಣ ಎತ್ತಿಟ್ಟದ್ದು ಹತ್ತು ಗುಡ್ಡಗಾಡು ರಾಜ್ಯಗಳಿಗೆ. ಪಶ್ಚಿಮ ಘಟ್ಟ ಅದರಲ್ಲಿರಲಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರದ ಉನ್ನತ ಸಮಿತಿ ಹದಿನೈದು ರಾಜ್ಯಗಳಿಗೆ 1,000 ಕೋಟಿ ರೂಪಾಯಿಯ ಭೂಕುಸಿತ ಉಪಶಮನ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಕರ್ನಾಟಕಕ್ಕೆ 72 ಕೋಟಿ, ಕೇರಳಕ್ಕೆ 72 ಕೋಟಿ, ಮಹಾರಾಷ್ಟ್ರಕ್ಕೆ 100 ಕೋಟಿ ರೂ. ದೊರೆಯಿತು. ಕೊಡಗು, ಚಿಕ್ಕಮಗಳೂರು, ಹಾಸನ, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ ಇಷ್ಟೂ ಜಿಲ್ಲೆಗಳ ಗುಡ್ಡಗಳ ಮುಂದೆ 72 ಕೋಟಿ ದೊಡ್ಡ ಮೊತ್ತವೇನಲ್ಲ. ಆದರೆ ನಮ್ಮ ಘಟ್ಟವೂ ಜರಿಯುವ ಗುಡ್ಡವೆಂದು ದೆಹಲಿಯ ಕಡತದಲ್ಲಿ ದಾಖಲಾಯಿತು. ಕೊಡಗಿನಲ್ಲಿ 2018, 2019 ಮತ್ತು 2020ರಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈನಲ್ಲಿ ಜನರು ಪ್ರಾಣ ತೆತ್ತ ಮೇಲೆ ಬಂದ ಮಾನ್ಯತೆ ಇದು.

ತಡೆಗೆ ಹಾಕಿದ ದುಡ್ಡು ಫಲ ಕೊಡುತ್ತದೆಯೇ ಎಂದು ಸಂಶಯಪಡುವವರಿಗೆ ಒಡಿಶಾದ ಉದಾಹರಣೆ ಸಾಕು. 1999ರ ಅಕ್ಟೋಬರಿನ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆಮೇಲೆ ಆ ರಾಜ್ಯ ವಿಪತ್ತಿಗೆಂದೇ ಒಂದು ಪ್ರಾಧಿಕಾರ ಮಾಡಿತು, ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳನ್ನು ಕಟ್ಟಿತು, ಅಲ್ಲಿಗೆ ರಸ್ತೆ ಮಾಡಿತು, ಊರೂರಿನಲ್ಲಿ ಸ್ವಯಂಸೇವಕರನ್ನು ತಯಾರು ಮಾಡಿತು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಭಾರೀ ಚಂಡಮಾರುತ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿದರು. ಸತ್ತವರು ಕೆಲವು ಹತ್ತುಗಳಷ್ಟು ಮಂದಿ. ಗಾಳಿ ಕಡಿಮೆಯಾಗಿರಲಿಲ್ಲ, ಸಿದ್ಧತೆ ಹೆಚ್ಚಿತ್ತು.

ನಮ್ಮ ಗುಡ್ಡದಲ್ಲಿ ಏನು ಆಗಬೇಕು?

ಹಣ ಕೇಳಬೇಕಾದರೆ ಕೆಲಸ ಯಾವುದೆಂದು ಗೊತ್ತಿರಬೇಕು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಜರಿದಾಗ ಅಲ್ಲಿ ಸುರಿದದ್ದು ಅಸಾಧಾರಣ ಮಳೆ. ಆದರೆ ಮಳೆಯೊಂದೇ ಕಾರಣವಲ್ಲ, ರಸ್ತೆಗೂ ಮನೆಗೂ ಇಳಿಜಾರಿನ ಬುಡ ಕಡಿದು ಬರೆ ಮಾಡಿದ್ದೂ ನೀರಿನ ಸಹಜ ದಾರಿ ಮುಚ್ಚಿದ್ದೂ ಕಾರಣ ಎಂದು ಪರಿಶೀಲಿಸಿದ ಭೂವಿಜ್ಞಾನಿಗಳು ಹೇಳಿದರು. ಹಾಗಿದ್ದ ಮೇಲೆ ಪರಿಹಾರವೂ ನೀರು ಮತ್ತು ಇಳಿಜಾರಿನಲ್ಲೇ ಇದೆ. ಪಂಚಾಯಿತಿಯ ಯೋಜನೆಗೆ ಸೇರಿಸಲು ಯೋಗ್ಯವಾದ ಕೆಲವು ಕೆಲಸಗಳನ್ನು ಇಲ್ಲಿ ಕೊಡುತ್ತೇವೆ.

1. ಜರಿಯುವ ಭಯವಿರುವ ಇಳಿಜಾರಿನ ನೆತ್ತಿಯಲ್ಲಿ ಅಡ್ಡ ಬಸಿಗಾಲುವೆ. ಮೇಲಿನ ನೀರನ್ನು ಅಲ್ಲೇ ಹಿಡಿದು ಗಟ್ಟಿ ತಳದ ತೋಡಿಗೆ ಸಾಗಿಸಬೇಕು.

2. ಹೂತುಹೋದ, ಒತ್ತುವರಿಯಾದ ಹಳ್ಳ ತೋಡುಗಳನ್ನು ಬಿಡಿಸುವುದು. ರಸ್ತೆಯ ಕೆಳಗಿನ ಮೋರಿಗಳು ಸಣ್ಣವಾದರೆ ದೊಡ್ಡದು ಮಾಡುವುದು. ಕಟ್ಟಿಕೊಂಡ ಮೋರಿಯ ನೀರು ರಸ್ತೆ ದಾಟಿ ಕೆಳಗಿನ ತೋಟವನ್ನು ಸೀಳುತ್ತದೆ.

3. ಕಡಿದ ಬರೆಗಳಿಗೆ ನೀರು ಬಸಿಯುವ ಕಿಂಡಿಯಿಟ್ಟ ಕಲ್ಲಿನ ಆಸರೆ, ಅದರ ಮೇಲೆ ಬೇರು ಹಿಡಿಯುವ ಹುಲ್ಲು ಮತ್ತು ಗಿಡ.

4. ಮಳೆಮಾಪಕವಿಲ್ಲದ ಅಥವಾ ಕೆಟ್ಟುಹೋದ ಕಡೆ ಅದನ್ನು ಸರಿಪಡಿಸುವುದು. ಅಪಾಯದ ಗುಡ್ಡಗಳ ಕೆಳಗಿನ ಮನೆಗಳಿಗೆ ರಾತ್ರಿಯೂ ಕೇಳಿಸುವ ಎಚ್ಚರಿಕೆಯ ಏರ್ಪಾಡು. ಶಾಲೆಯನ್ನೋ ಸಮುದಾಯ ಭವನವನ್ನೋ ಆಶ್ರಯಕ್ಕೆ ಸಿದ್ಧವಾಗಿಡುವುದು.

ಇಂಗುಗುಂಡಿಗಳ ವಿಷಯ ಬೇರೆಯಾಗಿ ಹೇಳಬೇಕು. ನೀರಿಂಗಿಸಿ ಎಂದು ಎಲ್ಲರೂ ಹೇಳಿದರು, ತಪ್ಪಲ್ಲ. ತೋಟದಲ್ಲಿ ತೊಟ್ಟಿಲು ಗುಂಡಿ ತೆಗೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ಆದರೆ ಬಯಲಿನಲ್ಲೂ ಮಂದ ಇಳಿಜಾರಿನಲ್ಲೂ ಒಳ್ಳೆಯದಾದದ್ದು, ಕಡಿದಾದ, ದಪ್ಪ ಮಣ್ಣಿನ ಗುಡ್ಡದಲ್ಲಿ ಕೆಡುಕಾಗಬಹುದು. ಮೊದಲೇ ನೀರು ಕುಡಿದ ಮಣ್ಣಿಗೆ ಇನ್ನಷ್ಟು ನೀರು ಕುಡಿಸಿದರೆ ಭಾರ ಹೆಚ್ಚಿ ಹಿಡಿತ ಸಡಿಲುತ್ತದೆ. ಬಿರುಕು ಕಂಡ ಇಳಿಜಾರಿನಲ್ಲಿ ಗುಂಡಿ ತೆಗೆಯಬಾರದು, ಇದ್ದರೆ ಮುಚ್ಚಬೇಕು. ಬಿರುಕನ್ನೂ ಜೇಡಿಯಿಂದ ತುಂಬಿ ನೀರು ಇಳಿಯದಂತೆ ಮಾಡಬೇಕು.

ಗುಡ್ಡ ಜರಿಯುವ ಮೊದಲು ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ನೆಲದಲ್ಲಿ ಬಿಲ್ಲಿನಾಕಾರದ ಬಿರುಕು, ಓರೆಯಾದ ಕರೆಂಟು ಕಂಬ ಮತ್ತು ಮರಗಳು, ಇದ್ದಕ್ಕಿದ್ದಂತೆ ಒರತೆ ಏಳುವುದು, ತಿಳಿಯಾಗಿದ್ದ ಒರತೆ ಕೆಸರಾಗುವುದು, ಬಾಗಿಲು ಕಿಟಕಿ ಬಿಗಿಯಾಗುವುದು, ಜೋರು ಮಳೆಯಲ್ಲೇ ತೋಡಿನ ನೀರು ಕಡಿಮೆಯಾಗುವುದು. ಕೊನೆಯದು ಎಲ್ಲಕ್ಕಿಂತ ಅಪಾಯದ್ದು; ಮೇಲೆ ಎಲ್ಲೋ ಮಣ್ಣು ಬಿದ್ದು ನೀರು ಕಟ್ಟಿದೆ ಎಂದು ಅರ್ಥ. ಆಗ ಕಾಯುತ್ತ ಕೂರದೆ ಮನೆ ಬಿಡಬೇಕು.

ಲೈನ್ ಮನೆಗಳ ಮಾತು

ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ತೋಟಗಳಲ್ಲಿ ಮಾಲೀಕರ ಮನೆ ಸಾಮಾನ್ಯವಾಗಿ ಗಟ್ಟಿ ನೆಲದಲ್ಲಿರುತ್ತದೆ. ಲೈನ್ ಮನೆಗಳು ಜಾಗ ಉಳಿದ ಕಡೆ, ಎಷ್ಟೋ ಸಲ ಬರೆಯ ಕೆಳಗೆ ಅಥವಾ ತೋಡಿನ ದಡದಲ್ಲಿರುತ್ತವೆ. ವಯನಾಡಿನಲ್ಲಿ ಸತ್ತವರಲ್ಲಿ ಎಸ್ಟೇಟಿನ ಪಾಡಿಗಳಲ್ಲಿ ಮಲಗಿದ್ದ ಕಾರ್ಮಿಕರೂ ಇದ್ದರು. ಪೂರ್ತಿ ಬಿದ್ದ ಮನೆಗೆ 2022ರ ದರಪಟ್ಟಿಯಲ್ಲಿ ಬಯಲಿನಲ್ಲಿ 1,20,000 ರೂ., ಗುಡ್ಡಗಾಡಿನಲ್ಲಿ 1,30,000 ರೂ. ಇತ್ತು. ಆದರೆ ಅದು ಅಧಿಕೃತವಾಗಿ ಕಟ್ಟಿದ ಮನೆಯೆಂದು ದೃಢೀಕರಣ ಬೇಕು. ಕಾರ್ಮಿಕನಿಗೆ ಪಹಣಿಯೂ ಇಲ್ಲ, ಮನೆಯ ಕಾಗದವೂ ಇಲ್ಲ. ಅವನ ಸಾಮಾನು ಸರಂಜಾಮು, ಉಳಿತಾಯ ಎಲ್ಲ ಮಣ್ಣಾದರೂ ಅವನು ಸಾಲಿನ ಕೊನೆಯಲ್ಲಿ ನಿಲ್ಲಬೇಕು. ನಮ್ಮ ಗಿಡ ಸತ್ತುದಕ್ಕೆ ಬೇರೆ ದರ ಕೇಳುವ ನಾವು, ನಮ್ಮ ತೋಟದಲ್ಲಿ ಮಲಗುವವರ ಜಾಗ ಕ್ಷೇಮವೇ ಎಂದು ಮೊದಲು ನೋಡಬೇಕು. ಪಂಚಾಯಿತಿಗೆ ಕೊಡುವ ಅಪಾಯದ ಮನೆಗಳ ಪಟ್ಟಿಯಲ್ಲಿ ಲೈನ್ ಮನೆಗಳ ಹೆಸರು ಇರಲೇಬೇಕು. ಬಾಡಿಗೆಗೆ ಬಂದ ಕುಟುಂಬಗಳ ಹೆಸರೂ, ಎಲ್ಲಿಂದಲೋ ಕೊಯ್ಲಿಗೆ ಬಂದು ಉಳಿದವರ ಹೆಸರೂ ಇರಬೇಕು.

ಕಾಗದ ಸರಿಯಿರಲಿ

ಪರಿಹಾರ ನಿಲ್ಲುವುದು ಹೆಚ್ಚಾಗಿ ಹಣವಿಲ್ಲದೆ ಅಲ್ಲ, ಕಾಗದ ತಾಳೆಯಾಗದೆ. ಪಹಣಿಯಲ್ಲಿ ತೀರಿಹೋದ ತಂದೆಯ ಹೆಸರು, ಬೆಳೆ ಕಲಮಿನಲ್ಲಿ ಭತ್ತ, ಜಮೀನಿನಲ್ಲಿ ಅಡಿಕೆ: ಇಂಥವು ಒಂದೆರಡಲ್ಲ. ಕೊಡಗಿನ ಜಮ್ಮಾ ಹಿಡುವಳಿಯಲ್ಲಿ ಪಟ್ಟೆದಾರರ ಹೆಸರಿನಲ್ಲಿ ದಾಖಲೆಯಿದ್ದು ದುಡಿಯುವವನು ಬೇರೆಯಾದಾಗ ತೊಡಕು ಇನ್ನೂ ಹೆಚ್ಚು. ಬೆಳೆ ಸಮೀಕ್ಷೆಯ ಸಮಯದಲ್ಲಿ ನಮ್ಮ ಸರ್ವೆ ನಂಬರಿನಲ್ಲಿ ಯಾವ ಬೆಳೆ ದಾಖಲಾಯಿತು ಎಂದು ನೋಡಬೇಕು. ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬೇಕು. ಮಿಶ್ರ ಬೆಳೆಯಿದ್ದರೆ ಕಾಫಿ, ಕಾಳುಮೆಣಸು, ಅಡಿಕೆ ಮೂರೂ ದಾಖಲಾಗಬೇಕು. ಪರಿಹಾರದ ಹಣ ಕಂದಾಯ ಇಲಾಖೆಯ ತಂತ್ರಾಂಶದ ಮೂಲಕ ಆಧಾರ್ ಜೋಡಿಸಿದ ಖಾತೆಗೆ ನೇರ ಬೀಳುವುದರಿಂದ ಬ್ಯಾಂಕ್ ಖಾತೆಯ ಜೋಡಣೆಯನ್ನೂ ಮೊದಲೇ ಪರೀಕ್ಷಿಸಿಕೊಳ್ಳಬೇಕು. ಹಾನಿಯಾದ ದಿನವೇ, ಮಣ್ಣು ತೆಗೆಯುವ ಮೊದಲು, ಫೋಟೋ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಬಾಯಿಮಾತಿಗೆ ದಾಖಲೆಯಿಲ್ಲ.

ಅಡಿಕೆ ಮತ್ತು ಕಾಳುಮೆಣಸಿನವರಿಗೆ ಹವಾಮಾನ ಆಧಾರಿತ ಬೆಳೆ ವಿಮೆ 2016ರಿಂದ ಈಗಿನ ರೂಪದಲ್ಲಿ ಬಂದಿದೆ. ತೋಟಗಾರಿಕೆ ಬೆಳೆಗೆ ಬೆಳೆಗಾರನ ವಂತಿಗೆ ವಿಮಾ ಮೊತ್ತದ ಶೇಕಡಾ 5. ಮಿಕ್ಕದ್ದನ್ನು ಕೇಂದ್ರ, ರಾಜ್ಯ ಸರಕಾರಗಳು ಕಟ್ಟುತ್ತವೆ. ಇದೂ ಒಂದು ಬಗೆಯ ಸಾರ್ವಜನಿಕ ಹಣವೇ. ಇಲ್ಲಿ ನಮ್ಮ ತೋಟದ ನಷ್ಟ ಯಾರೂ ಬಂದು ನೋಡುವುದಿಲ್ಲ. ಪಂಚಾಯಿತಿಯ ಮಳೆಮಾಪಕ ಏನು ಹೇಳಿತೋ ಅದರ ಮೇಲೆ ಹಣ. ಆದ್ದರಿಂದಲೇ ಆ ಮಾಪಕ ಕೆಲಸ ಮಾಡುತ್ತಿದೆಯೇ ಎಂದು ವಿಚಾರಿಸುವುದು ಪಂಚಾಯಿತಿಯ ಕೆಲಸವಷ್ಟೇ ಅಲ್ಲ, ನಮ್ಮದೂ ಹೌದು. ವಿಮೆ ಮಳೆಯ ಏರುಪೇರಿಗೆ. ಮಣ್ಣೇ ಹೋದುದಕ್ಕೆ ಅದನ್ನು ನಂಬಿ ಕೂರಬಾರದು.

ಸಂಘ ಮಾಡಬೇಕಾದದ್ದು

ಒಬ್ಬೊಬ್ಬರೇ ಹೋದರೆ ಅರ್ಜಿ. ಕೂಡಿ ಹೋದರೆ ಯೋಜನೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಜಿಲ್ಲೆಗೊಂದು ವಿಪತ್ತು ನಿರ್ವಹಣಾ ಯೋಜನೆ ಇರಬೇಕು, ಅದನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂದು ಕಾಯಿದೆ ಹೇಳುತ್ತದೆ. ನಮ್ಮ ಗ್ರಾಮದ ಅಪಾಯದ ಜಾಗಗಳು ಆ ಯೋಜನೆಯಲ್ಲಿ ಇಲ್ಲದಿದ್ದರೆ ಉಪಶಮನ ನಿಧಿಯ ದಾರಿಯಲ್ಲಿ ನಮ್ಮ ಊರೇ ಇಲ್ಲ. ಆದಕಾರಣ ಪ್ರತಿ ವಾರ್ಡಿನಿಂದ ಇಬ್ಬರು ಮೂವರು ಹಿರಿಯರೂ ಯುವಕರೂ ಸೇರಿ ಮಳೆ ನಿಂತ ಕೂಡಲೇ ತಮ್ಮ ಗುಡ್ಡ ಸುತ್ತಬೇಕು. ಎಲ್ಲಿ ಬಿರುಕು, ಎಲ್ಲಿ ಕಟ್ಟಿದ ತೋಡು, ಯಾವ ಮೋರಿ ಸಣ್ಣದು, ಯಾವ ಮನೆ ಬರೆಯ ಕೆಳಗೆ ಎಂದು ಸರ್ವೆ ನಂಬರಿನೊಂದಿಗೆ ಬರೆಯಬೇಕು. ಪಂಚಾಯಿತಿಯು ಮುಂದಿನ ವರ್ಷದ ಅಭಿವೃದ್ಧಿ ಯೋಜನೆ ತಯಾರಿಸುವ ಅಕ್ಟೋಬರದ ನಂತರದ ಗ್ರಾಮಸಭೆಗಳಲ್ಲಿ ಈ ಪಟ್ಟಿ ಓದಿ ನಡಾವಳಿಯಲ್ಲಿ ಬರೆಸಬೇಕು. ನಡಾವಳಿಯ ಪ್ರತಿ ತಹಸೀಲ್ದಾರರಿಗೂ ಜಿಲ್ಲಾ ಪ್ರಾಧಿಕಾರಕ್ಕೂ ಸಂಘದ ಮೊಹರಿನೊಂದಿಗೆ ಹೋಗಬೇಕು. ಮೊದಲ ವರ್ಷ ಹಣ ಬಾರದೆ ಇರಬಹುದು. ಎರಡನೆಯ ವರ್ಷ ಅದೇ ಪಟ್ಟಿಯನ್ನು ಮತ್ತೆ ಕಳುಹಿಸೋಣ.

ಈ ಪಟ್ಟಿ ಮಾಡುವಾಗ ನೆರೆಹೊರೆಯಲ್ಲಿ ಮನಸ್ತಾಪ ಬರುವ ಸಂಭವವಿದೆ. ಮೇಲಿನವರ ಬಸಿಗಾಲುವೆ ಕೆಳಗಿನವರ ತೋಟಕ್ಕೆ ತಿರುಗಿರುತ್ತದೆ. ಒಬ್ಬರ ಹೋಂಸ್ಟೇಗಾಗಿ ಕಡಿದ ಬರೆ ಇನ್ನೊಬ್ಬರ ಮನೆಗೆ ಭಯವಾಗಿರುತ್ತದೆ. ಕೆಲವು ಮನೆಗಳು ಇರುವ ಜಾಗ ವಾಸಕ್ಕೆ ತಕ್ಕದ್ದಲ್ಲ ಎಂದು ನೇರವಾಗಿ ಹೇಳಬೇಕಾದೀತು. ಹಿರಿಯರ ಕಾಲದ ಐನ್‌ಮನೆಯ ಮಗ್ಗುಲಲ್ಲಿ ಬಿರುಕು ಬಿಟ್ಟಾಗ ಅದನ್ನು ಬಿಟ್ಟು ಬಾ ಎನ್ನುವುದು ಯಾರಿಗೂ ಸುಲಭವಲ್ಲ. ಆದರೂ ಈ ಮಾತು ಸರಕಾರದ ನೋಟೀಸಿನಲ್ಲಿ ಬರುವುದಕ್ಕಿಂತ ನಮ್ಮವರ ಬಾಯಲ್ಲಿ, ಬಿಸಿಲಿರುವಾಗ ಬರುವುದು ಒಳ್ಳೆಯದು. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂದು ಹಿರಿಯರು ಹೇಳಿದ್ದು ಮನೆಯೊಳಗಿನ ಬೆಂಕಿಗೆ ಮಾತ್ರವಲ್ಲ.

ಸದಸ್ಯ ಬಾಂಧವರು ತಮ್ಮ ತಮ್ಮ ವಾರ್ಡಿನ ಪಟ್ಟಿಯನ್ನು ತಯಾರಿಸಿ, ಗ್ರಾಮಸಭೆಗೆ ಮೊದಲು ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ. ಪಹಣಿ, ಬೆಳೆ ಸಮೀಕ್ಷೆ, ಬ್ಯಾಂಕ್ ಖಾತೆಗಳ ತೊಡಕು ಇರುವವರು ಕಾಗದಪತ್ರಗಳೊಂದಿಗೆ ಕಚೇರಿ ವೇಳೆಯಲ್ಲಿ ಬಂದರೆ ಅರ್ಜಿ ಬರೆದುಕೊಡುವ ಏರ್ಪಾಡು ಮಾಡಲಾಗುವುದು. ತಮ್ಮ ತೋಟದ ಲೈನ್ ಮನೆಗಳಲ್ಲಿರುವವರ ಹೆಸರುಗಳನ್ನು ಬರೆದು ತರಲು ಮರೆಯಬಾರದು.